ಶ್ರೆಕ್ ಮೂರನೇ ಸಲ ಯಾಕೆ ಸಪ್ಪೆಯಾದ?

ಅನಿಮೇಷನ್ ಸಿನಿಮಾ ಸರಣಿಯ ಮೊದಲ 'ಶ್ರೆಕ್' ಶುರುವಾಗುವುದು ಒಂದು ಕಥೆ ಪುಸ್ತಕದಿಂದ. ಗೋಪುರದಲ್ಲಿ ಸೆರೆಯಾದ ರಾಜಕುಮಾರಿ, ಕಾವಲಿಗೆ ಬೆಂಕಿ ಉಗುಳುವ ಡ್ರ್ಯಾಗನ್. ಓದುತ್ತಿರುವವನು ನಕ್ಕು, ಆ ಹಾಳೆಯನ್ನೇ ಪರ್ರನೆ ಹರಿಯುತ್ತಾನೆ. ಕಕ್ಕಸಿನ ಬಾಗಿಲು ದಡಾರನೆ ತೆರೆದು ಹಸಿರು ಮೈಯ ರಾಕ್ಷಸ ಶ್ರೆಕ್ ಹೊರಗೆ ಬರುತ್ತಾನೆ. ಹಾಳೆ ಯಾವುದಕ್ಕೆ ಬಳಕೆಯಾಯಿತು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಅಜ್ಜಿಕಥೆಗಳ ಜೊತೆ ಜಗಳಕ್ಕೆ ನಿಂತ ಸಿನಿಮಾ ಅದು.

2007ರಲ್ಲಿ ಬಂದ ಮೂರನೇ ಭಾಗ ಹಿಂದಿನ ಎರಡಕ್ಕೆ ಸಾಟಿಯಾಯಿತಾ? ಇಲ್ಲ ಅನ್ನುವುದೇ ನನ್ನ ಉತ್ತರ. ಕಾರಣ ಬೇಕಾದರೆ ಆ ಜಗಳದ ಜಾಡು ಹಿಡಿದು ಬರಬೇಕು.

ಇದರ ಮೂಲ ವಿಲಿಯಂ ಸ್ಟೈಗ್ 1990ರಲ್ಲಿ ಬರೆದ ಪುಟ್ಟ ಚಿತ್ರಪುಸ್ತಕ. ಡ್ರೀಮ್‌ವರ್ಕ್ಸ್ ಸ್ಟುಡಿಯೋ ಅದನ್ನು ಕೈಗೆತ್ತಿಕೊಂಡಾಗ ಶ್ರೆಕ್‌ಗೆ ದನಿ ಕೊಡುತ್ತಿದ್ದವರು ಹಾಸ್ಯನಟ ಕ್ರಿಸ್ ಫಾರ್ಲಿ. ಹೆಚ್ಚಿನ ಮಾತುಗಳ ರೆಕಾರ್ಡಿಂಗ್ ಆದ ಮೇಲೆ, 1997ರಲ್ಲಿ, ಅವರು ತೀರಿಕೊಂಡರು. ಆಮೇಲೆ ಬಂದ ಮೈಕ್ ಮೈಯರ್ಸ್ ಒಮ್ಮೆ ಮಾತು ಹೇಳಿ ಮುಗಿಸಿದರೂ ಸಮಾಧಾನವಾಗದೆ, ಸ್ಕಾಟಿಷ್ ಧಾಟಿಯಲ್ಲಿ ಮತ್ತೆ ಹೇಳಿದರು. ಆ ದನಿ ಇಲ್ಲದ ಶ್ರೆಕ್‌ನನ್ನು ಈಗ ಊಹಿಸಿಕೊಳ್ಳಲೂ ಆಗುವುದಿಲ್ಲ. ಸಿನಿಮಾ 2001ರಲ್ಲಿ ಬಂತು. ಅನಿಮೇಷನ್ ಚಿತ್ರಗಳಿಗೆಂದೇ ಆಸ್ಕರ್ ಹೊಸದಾಗಿ ತೆರೆದ ವಿಭಾಗದ ಮೊದಲ ಪ್ರಶಸ್ತಿ ಇದಕ್ಕೇ ಸಿಕ್ಕಿತು.

2004ರ ಎರಡನೇ ಭಾಗ ಮೊದಲಿನದಕ್ಕಿಂತ ಒಂದು ಹೆಜ್ಜೆ ಮುಂದೆ ಅನ್ನುವವರಲ್ಲಿ ನಾನೂ ಒಬ್ಬ. ಪುಸ್ತಕದ ಜೊತೆಗಿದ್ದ ಜಗಳ ಈಗ ಮನೆಯೊಳಗೆ ಬಂತು. ಆ ಗೋಪುರದ ರಾಜಕುಮಾರಿಯನ್ನೇ ಮದುವೆಯಾದ ಶ್ರೆಕ್ ಮೊದಲ ಸಲ ಹೆಂಡತಿಯ ತವರಿಗೆ ಹೋಗುತ್ತಾನೆ. ಉದ್ದನೆಯ ಊಟದ ಮೇಜು. ಒಂದು ತುದಿಯಲ್ಲಿ ಮಾವ, ಇನ್ನೊಂದು ತುದಿಯಲ್ಲಿ ಅಳಿಯ. ಮುಂದೆ ಹುಟ್ಟುವ ಮಕ್ಕಳ ವಿಷಯ ಬಂದದ್ದೇ ತಡ, ಮಾತು ಕುಟುಕಲು ಶುರುವಾಗುತ್ತದೆ. ತಟ್ಟೆಯಲ್ಲಿದ್ದ ಮಾಂಸವನ್ನು ಇಬ್ಬರೂ ಸಿಟ್ಟಿನಲ್ಲಿ ಚಿಂದಿ ಮಾಡುತ್ತಾರೆ. ಕೊನೆಗೆ ಎಲ್ಲರೂ ಒಬ್ಬರ ಹೆಸರನ್ನು ಒಬ್ಬರು ಕೂಗಿ ಗದರುವಾಗ, ಯಾರೂ ಕರೆಯದ, ಶ್ರೆಕ್‌ನ ಗೆಳೆಯನಾದ ಮಾತಾಡುವ ಕತ್ತೆ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತದೆ! 'ಅಳಿಯ ಅಲ್ಲ, ಮಗಳ ಗಂಡ' ಅಂತ ನಮ್ಮಲ್ಲಿ ಹೇಳುತ್ತಾರಲ್ವಾ, ಆ ಮಾವನ ಮುಖ ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತದೆ. ಚಿತ್ರ ಜಗತ್ತಿನಾದ್ಯಂತ 92 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು.

ಆದರೆ ಅದರ ಕೊನೆಗೆ ಮಾವ ಅಳಿಯನನ್ನು ಒಪ್ಪಿಕೊಂಡುಬಿಟ್ಟ. ಊರೂ ಒಪ್ಪಿತು. ಇನ್ನು ಶ್ರೆಕ್ ಜಗಳ ಆಡುವುದು ಯಾರ ಜೊತೆ? ಮೂರನೇ ಭಾಗ ಎಡವಿದ್ದು ಇಲ್ಲೇ.

ಮೊದಲೆರಡು ಭಾಗಗಳ ನಿರ್ದೇಶಕರಲ್ಲಿ ಒಬ್ಬರಾದ ಆಂಡ್ರ್ಯೂ ಆಡಮ್ಸನ್ ಅಷ್ಟರಲ್ಲಿ 'ನಾರ್ನಿಯಾ' ಚಿತ್ರಗಳಲ್ಲಿ ಮುಳುಗಿದ್ದರು. ನಿರ್ದೇಶನ ಕ್ರಿಸ್ ಮಿಲ್ಲರ್ ಕೈಗೆ ಬಂತು. ಕಥೆಯಲ್ಲಿ ಮಾವ ಸಾಯುತ್ತಾನೆ, ಶ್ರೆಕ್ ಸಿಂಹಾಸನ ಬೇಡ ಅನ್ನುತ್ತಾನೆ, ಸಿಂಹಾಸನದ ಇನ್ನೊಬ್ಬ ವಾರಸುದಾರ ಆರ್ಥರ್ ಎಂಬ ಹುಡುಗನನ್ನು ಹುಡುಕಿಕೊಂಡು ಹೊರಡುತ್ತಾನೆ. ಅಪ್ಪನಾಗುವ ಭಯವೂ ಇದೆ. ಕನಸಿನಲ್ಲಿ ಹಸಿರು ಕೂಸುಗಳು ಮನೆ ತುಂಬಿಕೊಳ್ಳುವ ದೃಶ್ಯ ನಿಜಕ್ಕೂ ಚೆನ್ನಾಗಿದೆ. ಸಿನಿಮಾ ಅದನ್ನೇ ಹಿಡಿದು ಮುಂದೆ ಹೋಗಬೇಕಿತ್ತು. ಬದಲಿಗೆ ಆ ಭಯವನ್ನು ಪಕ್ಕಕ್ಕಿಟ್ಟು ಪಟ್ಟಾಭಿಷೇಕದ ಕಥೆ ಹೇಳುತ್ತಾ ಕೂರುತ್ತದೆ. ಕೊನೆಯಲ್ಲಂತೂ ಆರ್ಥರ್ ನಾಲ್ಕು ಒಳ್ಳೆಯ ಮಾತು ಹೇಳುತ್ತಾನೆ, ಖಳರೆಲ್ಲ ಆಯುಧ ಕೆಳಗಿಡುತ್ತಾರೆ. ನೀತಿಪಾಠದ ಹಾಳೆಯನ್ನು ಹರಿದು ಬಂದ ಸಿನಿಮಾ ತಾನೇ ಪಾಠ ಹೇಳಲು ನಿಂತಿತು. ನನಗೆ ಬೇಜಾರಾಗಿದ್ದು ಅದಕ್ಕೇ.

ದುಡ್ಡಿಗೇನೂ ಕೊರತೆಯಾಗಲಿಲ್ಲ, 80 ಕೋಟಿ ಡಾಲರ್ ಆಸುಪಾಸು ಬಂತು. ಹಾಗಾಗಿ 2010ರಲ್ಲಿ ನಾಲ್ಕನೆಯದೂ ತೆರೆಗೆ ಬಂತು. ಅದರಲ್ಲಿ ಶ್ರೆಕ್‌ನ ಜಗಳ ತನ್ನ ಸಂಸಾರದ ದಿನಚರಿಯ ಜೊತೆಗೇ. ಸ್ವಲ್ಪ ಮಟ್ಟಿಗೆ ಹಳಿಗೆ ಮರಳಿತು, ಪೂರ್ತಿ ಅಲ್ಲ.

ಪೂರ್ತಿ ಮರಳಿದ್ದು 2022ರಲ್ಲಿ, ಅದೂ ಶ್ರೆಕ್ ಇಲ್ಲದೆ. ಎರಡನೇ ಭಾಗದಲ್ಲಿ ಕಣ್ಣರಳಿಸಿ ಎಲ್ಲರ ಮನಸ್ಸು ಕದ್ದಿದ್ದ ಬೂಟು ತೊಟ್ಟ ಬೆಕ್ಕಿನ ಕಥೆ, 'ದಿ ಲಾಸ್ಟ್ ವಿಶ್'. ಬೆಕ್ಕಿಗಿದ್ದ ಒಂಬತ್ತು ಜೀವಗಳಲ್ಲಿ ಎಂಟು ಮುಗಿದಿವೆ. ಎದುರಿಗೆ ಸಾವೇ ತೋಳದ ರೂಪದಲ್ಲಿ ಸಿಳ್ಳೆ ಹಾಕುತ್ತಾ ಬಂದು ನಿಲ್ಲುತ್ತದೆ. ಬೆಕ್ಕಿನ ಮೈಕೂದಲು ಒಂದೊಂದಾಗಿ ನಿಮಿರುವುದು ಹತ್ತಿರದಿಂದ ಕಾಣುತ್ತದೆ. ಕೊನೆಯ ದೃಶ್ಯದಲ್ಲಿ ಹಡಗು ಹಳೆಯ ಸ್ನೇಹಿತರನ್ನು ಹುಡುಕಿ ಹೊರಟಿದೆ. ದೂರದಲ್ಲಿ ಶ್ರೆಕ್‌ನ ಮಾವನ ಊರು ಕಾಣಿಸುತ್ತದೆ.