ಪೋರ್ಟಲ್ ಇನ್‌ಸ್ಟಾಲ್ ಯಾಕೆ ಕೈಕೊಡುತ್ತದೆ: ಇಪ್ಪತ್ತು ವರ್ಷದ ಗೋಜಲು

ವೆಬ್‌ತಾಣ ಕಟ್ಟಿ ನಡೆಸುವ ಸಿದ್ಧ ತಂತ್ರಾಂಶಕ್ಕೆ ಇಲ್ಲಿ ಪೋರ್ಟಲ್ ಅನ್ನೋಣ. ಅದರ ಒಂದೇ ಜಿಪ್ ಫೈಲು. ಒಂದು ಸರ್ವರ್‌ನಲ್ಲಿ ಸಲೀಸಾಗಿ ಪೋರ್ಟಲ್ ಎದ್ದು ನಿಲ್ಲುತ್ತದೆ. ಇನ್ನೊಂದರಲ್ಲಿ ಬರೀ ಬಿಳಿ ಪುಟ. ಮೂರನೆಯದರಲ್ಲಿ ಇನ್‌ಸ್ಟಾಲ್ ಮುಗಿಯುತ್ತದೆ, ಆದರೆ ಕನ್ನಡದಲ್ಲಿ ಬರೆದದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಪರಿಹಾರ ಹುಡುಕಿದರೆ 2006ರ ಸಲಹೆ, 2012ರ ಸಲಹೆ, ಮೊನ್ನೆ ಮೊನ್ನೆಯ ಸಲಹೆ ಎಲ್ಲ ಒಟ್ಟಿಗೆ ಸಿಗುತ್ತವೆ. ಹೆಚ್ಚಿನವು ಆಯಾ ಕಾಲಕ್ಕೆ ಕೆಲಸ ಮಾಡಿದವೇ. ನಮ್ಮ ಸರ್ವರ್‌ಗೆ ಯಾವುದು ಹೊಂದುತ್ತದೆ ಅಂತ ತಿಳಿಯಬೇಕಾದರೆ ಯಾವ ತೊಂದರೆ ಯಾವಾಗ ಹುಟ್ಟಿತು ಅಂತ ಗೊತ್ತಿರಬೇಕು.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದದ್ದು 1995ರಲ್ಲಿ. ಅದರಲ್ಲಿ ಬರೆದ ಪೋರ್ಟಲ್‌ಗಳು ಸಾಲಾಗಿ ಬಂದವು: 2000ದ ಹೊತ್ತಿಗೆ ಪಿಎಚ್‌ಪಿ-ನ್ಯೂಕ್, 2001ರಲ್ಲಿ ಡ್ರೂಪಲ್, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಮ್ಯಾಂಬೊದಿಂದ ಕವಲೊಡೆದ ಜೂಮ್ಲಾ. ಇವೆಲ್ಲ ಸಾಮಾನ್ಯವಾಗಿ ನಿಂತಿದ್ದು ಲಿನಕ್ಸ್ (ಆಪರೇಟಿಂಗ್ ಸಿಸ್ಟಂ), ಅಪಾಚೆ (ವೆಬ್ ಸರ್ವರ್), ಮೈಎಸ್‌ಕ್ಯೂಎಲ್ (ಡೇಟಾಬೇಸ್), ಪಿಎಚ್‌ಪಿ ಎಂಬ ನಾಲ್ಕು ಪದರಗಳ ಮೇಲೆ. ನಾಲ್ಕನ್ನೂ ಬರೆಯುವವರು ಬೇರೆ ಬೇರೆ. ಪೋರ್ಟಲ್ ಬರೆಯುವವರು ಐದನೆಯವರು, ಸರ್ವರ್ ಬಾಡಿಗೆಗೆ ಕೊಡುವವರು, ಅಂದರೆ ಹೋಸ್ಟಿಂಗ್‌ನವರು, ಆರನೆಯವರು. ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ಅಂತ ನೋಡುವ ಕೆಲಸ ಯಾರ ಪಾಲಿಗೂ ಬರಲಿಲ್ಲ. ಕೊನೆಗೆ ಅದು ಇನ್‌ಸ್ಟಾಲ್ ಮಾಡುವವರ ತಲೆ ಮೇಲೆ ಬಿತ್ತು.

ಮೊದಲ ದೊಡ್ಡ ಪೆಟ್ಟು 2002ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಬ್ರೌಸರ್‌ನ ವಿಳಾಸದಲ್ಲಿ ಏನು ಬರೆದರೂ ಪಿಎಚ್‌ಪಿ ಅದನ್ನು ನೇರವಾಗಿ ಪ್ರೋಗ್ರಾಮಿನ ವೇರಿಯಬಲ್ ಮಾಡಿಬಿಡುತ್ತಿತ್ತು. ಈ ಸೌಲಭ್ಯದ ಹೆಸರು ರಿಜಿಸ್ಟರ್ ಗ್ಲೋಬಲ್ಸ್. ಕಳ್ಳರಿಗೂ ಅದು ತೆರೆದ ಬಾಗಿಲೇ. ಪಿಎಚ್‌ಪಿ 4.2 ಅದನ್ನು ಮೊದಲಿನಿಂದಲೇ ಮುಚ್ಚಿಟ್ಟು ಬಂತು. ಅದನ್ನೇ ನಂಬಿದ್ದ ಪೋರ್ಟಲ್‌ಗಳು ನಿಂತುಹೋದವು. ಗ್ರಾಹಕರ ದೂರು ತಡೆಯಲಾರದೆ ಎಷ್ಟೋ ಹೋಸ್ಟಿಂಗ್ ಕಡೆ ಅದನ್ನು ಮತ್ತೆ ತೆರೆದಿಟ್ಟರು. 2012ರಲ್ಲಿ 5.4 ಬಂದು ಬೇರುಸಹಿತ ತೆಗೆಯುವವರೆಗೂ ಈ ಎಳೆದಾಟ ನಡೆದೇ ಇತ್ತು.

ಜೂಮ್ಲಾದ ಹಳೆಯ ಇನ್‌ಸ್ಟಾಲರ್ ನೋಡಿದವರಿಗೆ ಆ ಎರಡು ಕಾಲಂ ನೆನಪಿರಬೇಕು. ಒಂದರಲ್ಲಿ ಇರಬೇಕಾದ ಸೆಟ್ಟಿಂಗ್, ಪಕ್ಕದಲ್ಲಿ ನಿಮ್ಮ ಸರ್ವರ್‌ನಲ್ಲಿ ಇರುವ ಸೆಟ್ಟಿಂಗ್. ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬಾಡಿಗೆ ಜಾಗದಲ್ಲಿ ಕೂತವರ ಕೈಯಲ್ಲಿ ಆ ಕೆಂಪನ್ನು ಹಸಿರು ಮಾಡುವ ಅಧಿಕಾರ ಬಹಳ ಸಲ ಇರುತ್ತಿರಲಿಲ್ಲ.

ಪಿಎಚ್‌ಪಿ 5ರ ಕಥೆಯೂ ಇಂಥದ್ದೇ. ಅದು ಬಂದದ್ದು 2004ರಲ್ಲಿ. ಪೋರ್ಟಲ್‌ಗಳು ಹಳೆಯದನ್ನೇ ಬಳಸುತ್ತಿವೆ ಅಂತ ಹೋಸ್ಟಿಂಗ್‌ನವರು ಸುಮ್ನಿದ್ದರು, ಹೋಸ್ಟಿಂಗ್‌ನಲ್ಲಿ ಹೊಸದು ಇಲ್ಲ ಅಂತ ಪೋರ್ಟಲ್‌ನವರು ಸುಮ್ನಿದ್ದರು. 2007ರಲ್ಲಿ ಹಲವು ಯೋಜನೆಗಳು ಸೇರಿ 'ಗೋ ಪಿಎಚ್‌ಪಿ 5' ಎಂಬ ಒಪ್ಪಂದ ಮಾಡಿಕೊಂಡವು. 2008ರ ಫೆಬ್ರವರಿ 5ರ ನಂತರ ಬರುವ ತಮ್ಮ ಹೊಸ ಆವೃತ್ತಿಗಳಿಗೆ ಪಿಎಚ್‌ಪಿ 5 ಬೇಕೇ ಬೇಕು ಅಂದವು. ಎಲ್ಲರೂ ಒಂದು ತಾರೀಕಿಗೆ ಒಪ್ಪಿದ್ದು ಈ ಇತಿಹಾಸದಲ್ಲೇ ಅಪರೂಪ. ಹಾಗೆ ಒಪ್ಪಿದಾಗಲೇ ಕೆಲಸ ಮುಂದೆ ಹೋಯಿತು.

ಇನ್ನು ಪರ್ಮಿಷನ್. ಫೈಲುಗಳನ್ನು ಸರ್ವರ್‌ಗೆ ಏರಿಸುವುದು ಎಫ್‌ಟಿಪಿ (ಫೈಲು ಸಾಗಿಸುವ ವಿಧಾನ) ಬಳಕೆದಾರ. ಪೋರ್ಟಲ್ ಓಡುವುದು ಅಪಾಚೆಯ ಹೆಸರಲ್ಲಿ. ಹಾಗಾಗಿ ತನ್ನದೇ ಫೋಲ್ಡರ್‌ಗೆ ಪೋರ್ಟಲ್ ಏನನ್ನೂ ಬರೆಯಲಾರದು. ಇದಕ್ಕೆ ಸಿಕ್ಕ ಸುಲಭದ ಉತ್ತರ 777, ಅಂದರೆ ಯಾರು ಬೇಕಾದರೂ ಬರೆಯಬಹುದು ಅನ್ನುವ ಅನುಮತಿ. ಮುಂದೆ ಪಿಎಚ್‌ಪಿಯನ್ನು ಫೈಲಿನ ಮಾಲೀಕರ ಹೆಸರಲ್ಲೇ ಓಡಿಸುವ ಪದ್ಧತಿ ಬಂತು. ಅಂಥ ಎಷ್ಟೋ ಸರ್ವರ್‌ಗಳು 777 ಕಂಡ ಕೂಡಲೇ ಪುಟ ತೋರಿಸದೆ 500 ಎರರ್ ಕೊಡುತ್ತವೆ. ಅಲ್ಲಿ ಮಾಲೀಕರು ಮಾತ್ರ ಬರೆಯಬಹುದಾದ ಅನುಮತಿ, ಅಂದರೆ ಫೋಲ್ಡರ್‌ಗೆ 755, ಫೈಲಿಗೆ 644 ಸಾಕು. ಹಳೆಯ ಮದ್ದೇ ಹೊಸ ರೋಗ ಆಯಿತು ಅಲ್ವಾ?

2005ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 4ರ ಜೊತೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಕಾವಲು ವ್ಯವಸ್ಥೆ ಬಂದಮೇಲೆ ಇನ್ನೊಂದು ಗಂಟು ಬಿತ್ತು. ಪರ್ಮಿಷನ್ ಸರಿ, ಮಾಲೀಕರ ಹೆಸರೂ ಸರಿ, ಆದರೂ ಅನುಮತಿ ಇಲ್ಲ ಅಂತ ಲಾಗ್ ಹೇಳುತ್ತದೆ. ಇಲ್ಲಿ ಪ್ರತಿ ಫೈಲಿಗೂ ಒಂದು ಲೇಬಲ್ ಇರುತ್ತದೆ. ವೆಬ್ ಸರ್ವರ್ ಬರೆಯಬಹುದಾದ ಲೇಬಲ್ ಆ ಫೋಲ್ಡರ್‌ಗೆ ಇರಬೇಕು. ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದರೆ ಅದಕ್ಕೆ ಬೇರೆಯೇ ಅನುಮತಿ. ಎರಡು ಮೂರು ಕಮಾಂಡಿನ ಕೆಲಸ. ಆದರೆ ಜಾಸ್ತಿ ಹರಡಿದ ಸಲಹೆ 'ಎಸ್‌ಇಲಿನಕ್ಸನ್ನೇ ಆರಿಸಿಬಿಡಿ' ಅನ್ನುವುದು. ಹಾಗೆ ಮಾಡಿದರೆ ಪೋರ್ಟಲ್ ಆ ಕ್ಷಣಕ್ಕೆ ಓಡುತ್ತದೆ ನಿಜ, ಇಡೀ ಸರ್ವರ್‌ನ ಕಾವಲು ಹೋಗುತ್ತದೆ.

ಕನ್ನಡದವರನ್ನು ಅತಿ ಹೆಚ್ಚು ಕಾಡಿದ್ದು ಡೇಟಾಬೇಸ್. ಮೈಎಸ್‌ಕ್ಯೂಎಲ್ 5.7ರವರೆಗೂ ಅದರ ಮೂಲ ಸೆಟ್ಟಿಂಗ್ ಲ್ಯಾಟಿನ್-1, ಅಂದರೆ ಪಶ್ಚಿಮ ಯುರೋಪಿನ ಭಾಷೆಗಳ ಲಿಪಿ. ಹಳೆಯ ಪೋರ್ಟಲ್‌ಗಳು ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬರೆದಿಡುವ ಸಂಕೇತ ಪದ್ಧತಿ) ಕನ್ನಡವನ್ನು ಅದರೊಳಗೇ ತುರುಕುತ್ತಿದ್ದವು. ತುರುಕಿದ ದಾರಿಯಲ್ಲೇ ಹೊರತೆಗೆಯುತ್ತಿದ್ದರಿಂದ ಪುಟದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ. 2008ರಲ್ಲಿ ಬಂದ ಜೂಮ್ಲಾ 1.5ರಂಥ ಆವೃತ್ತಿಗಳು 'ನಾನು ಯುಟಿಎಫ್-8 ಮಾತಾಡುತ್ತೇನೆ' ಅಂತ ಡೇಟಾಬೇಸ್‌ಗೆ ಹೇಳತೊಡಗಿದವು. ಡೇಟಾಬೇಸ್ ತನ್ನಲ್ಲಿರುವುದು ಲ್ಯಾಟಿನ್-1 ಅಂತಲೇ ನಂಬಿ ಅದನ್ನು ಪರಿವರ್ತಿಸಿ ಕೊಟ್ಟಿತು. ವರ್ಷಗಟ್ಟಲೆ ಬರೆದ ಲೇಖನಗಳು ಕಲಸಿಹೋದವು.

ಆ ಕಲಸುಮೇಲೋಗರಕ್ಕೂ ಒಂದು ಚಹರೆ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಚಿಹ್ನೆ ಮೂರು ಬೈಟ್. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ ಬರೆದರೆ, ಮೊದಲ ಬೈಟ್ ಯಾವಾಗಲೂ ಇ0 (E0), ಎರಡನೆಯದು ಬಿ2 ಅಥವಾ ಬಿ3. ಲ್ಯಾಟಿನ್-1ರಲ್ಲಿ ಓದಿದರೆ ಮೊದಲನೆಯದು ನೆತ್ತಿ ಮೇಲೆ ಓರೆ ಗೆರೆ ಇರುವ ಇಂಗ್ಲಿಷಿನ ಸಣ್ಣ ಎ. ಎರಡನೆಯದು ಮೇಲಕ್ಕೇರಿದ ಪುಟ್ಟ 2 ಅಥವಾ 3. ಇವೇ ಜೋಡಿಗಳು ಪುಟದ ತುಂಬ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಅಕ್ಷರಗಳನ್ನು ಉಳಿಸಿಕೊಳ್ಳಬಹುದು. ಡೇಟಾಬೇಸ್‌ನಲ್ಲಿ ಹೆಕ್ಸ್ ತೆಗೆದು ನೋಡಿ. 'ಕ' ಇರಬೇಕಾದ ಕಡೆ ಇ0 ಬಿ2 95 ಇದ್ದರೆ ಬೈಟುಗಳು ಸರಿಯಿವೆ. ಆ ಕಾಲಂ ಅನ್ನು ಮೊದಲು ಬ್ಲಾಬ್ (ಲಿಪಿಯ ಗುರುತಿಲ್ಲದ ಬರೀ ಬೈಟುಗಳ ರೂಪ) ಮಾಡಿ, ಆಮೇಲೆ ಯುಟಿಎಫ್-8 ಟೆಕ್ಸ್ಟ್ ಮಾಡಿದರೆ ಕನ್ನಡ ಮರಳಿ ಬರುತ್ತದೆ. ಸಿ3 ಎ0 ಅಂತ ಶುರುವಾದರೆ ಎರಡೆರಡು ಸಲ ಪರಿವರ್ತನೆ ಆಗಿದೆ, ಒಂದು ಸಲ ಹಿಂದಕ್ಕೆ ತಿರುಗಿಸಬೇಕು.

ಪ್ರಶ್ನಾರ್ಥಕ ಚಿಹ್ನೆಗಳ ಮಾತು ಬೇರೆ. ಲ್ಯಾಟಿನ್-1 ಟೇಬಲ್ಲಿಗೆ ಯುಟಿಎಫ್-8 ಸಂಪರ್ಕದಿಂದ ಕನ್ನಡ ಕಳಿಸಿದರೆ, ಅದಕ್ಕೆ ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ ಉಳಿಯುತ್ತದೆ. ಹೆಕ್ಸ್‌ನಲ್ಲಿ ಬರೀ 3ಎಫ್ ಕಂಡರೆ ಆ ಬರಹ ಹೋಯಿತು. ಬ್ಯಾಕಪ್ ಒಂದೇ ಗತಿ. ಇಂಥ ನಷ್ಟಕ್ಕೆ ಇನ್‌ಸ್ಟಾಲರ್ ಒಂದು ಸಾಲಿನ ಎಚ್ಚರಿಕೆಯನ್ನಾದರೂ ಕೊಡಬೇಕಿತ್ತು.

ಯುಟಿಎಫ್-8 ಆಯ್ದುಕೊಂಡವರಿಗೂ ನೆಮ್ಮದಿ ಇರಲಿಲ್ಲ. ಮೈಎಸ್‌ಕ್ಯೂಎಲ್‌ನ 'ಯುಟಿಎಫ್8' ಒಂದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಕೊಡುತ್ತಿತ್ತು. ಕನ್ನಡಕ್ಕೆ ಅಷ್ಟು ಸಾಕು. ಇಮೋಜಿಗೆ ನಾಲ್ಕು ಬೇಕು. ಲೇಖನದ ನಡುವೆ ಒಂದು ಇಮೋಜಿ ಬಂದರೆ ಅಲ್ಲಿಂದ ಮುಂದಿನದೆಲ್ಲ ಕತ್ತರಿಸಿಹೋಗುತ್ತಿತ್ತು. 2010ರಲ್ಲಿ 'ಯುಟಿಎಫ್8ಎಂಬಿ4' ಬಂತು. ಅದರ ಬೆನ್ನಿಗೇ 'ಕೀ ತುಂಬಾ ಉದ್ದ, ಮಿತಿ 767 ಬೈಟ್' ಎಂಬ ಎರರ್. ಕೀ ಅಥವಾ ಇಂಡೆಕ್ಸ್ ಅಂದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ. ಲೆಕ್ಕ ನೇರ: 255 ಅಕ್ಷರಕ್ಕೆ ಮೂರರಂತೆ 765, ಹಿಡಿಯುತ್ತದೆ. ನಾಲ್ಕರಂತೆ 1020, ಹಿಡಿಯುವುದಿಲ್ಲ. 2015ರ ವರ್ಡ್‌ಪ್ರೆಸ್ 4.2 ಇಂಡೆಕ್ಸನ್ನು 191 ಅಕ್ಷರಕ್ಕೆ ಇಳಿಸಿದ್ದು ಇದಕ್ಕೇ. ಮೈಎಸ್‌ಕ್ಯೂಎಲ್ 5.7 ಆ ಮಿತಿಯನ್ನು 3072 ಬೈಟಿಗೆ ಏರಿಸಿತು. 2018ರ 8.0 ಯುಟಿಎಫ್8ಎಂಬಿ4 ಅನ್ನೇ ಮೂಲ ಸೆಟ್ಟಿಂಗ್ ಮಾಡಿತು. ಅದೇ 8.0 ಪಾಸ್‌ವರ್ಡ್ ಪರೀಕ್ಷಿಸುವ ರೀತಿಯನ್ನೂ ಬದಲಾಯಿಸಿದ್ದರಿಂದ, ಹಳೆಯ ಪಿಎಚ್‌ಪಿ ಇರುವ ಕಡೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ.

ಈಗ ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಜೊತೆಗೇ ಕಟ್ಟಿಡುವ ಡಾಕರ್ ಇದೆ, ಪಿಎಚ್‌ಪಿ ಭಾಗಗಳನ್ನು ತಂದು ಜೋಡಿಸುವ ಕಂಪೋಸರ್ ಇದೆ. ಯಾವ ಆವೃತ್ತಿ ಬೇಕು ಅಂತ ಬರೆದಿಡಬಹುದು. ಹೊಸದಾಗಿ ಶುರುಮಾಡುವವರಿಗೆ ಇದು ದೊಡ್ಡ ಅನುಕೂಲ. ಹಳೆಯ ತಾಣ ಇರುವವರ ಕಷ್ಟ ಹಾಗೇ ಇದೆ. ಡ್ರೂಪಲ್ 7ಕ್ಕೆ ಬೆಂಬಲ 2025ರ ಜನವರಿ 5ಕ್ಕೆ ನಿಂತಿದೆ. ಅದನ್ನು ಬಿಟ್ಟು ಹೊಸ ಸರ್ವರ್‌ಗೆ ಹೋಗುವವರು ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆಯುವ ಮೊದಲು ಯಾವ ಟೇಬಲ್ ಯಾವ ಲಿಪಿಯಲ್ಲಿದೆ ಅಂತ ನೋಡಿಕೊಳ್ಳಬೇಕು, ಹಳೆಯ ಒಂದೆರಡು ಕನ್ನಡ ಲೇಖನಗಳ ಹೆಕ್ಸ್ ಬರೆದಿಟ್ಟುಕೊಳ್ಳಬೇಕು. ಹೊಸ ಕಡೆ ಅದೇ ಹೆಕ್ಸ್ ಬಂದಮೇಲೆ ಹಳೆಯ ಸರ್ವರ್ ಬಿಟ್ಟುಕೊಡಿ, ಅದಕ್ಕೆ ಮೊದಲು ಬೇಡ.