ಆರೋಗ್ಯ ವರ್ಧನೆ: ಶಾಲೆಯಲ್ಲಿ, ಸಮುದಾಯದಲ್ಲಿ

ಈ ಅಧ್ಯಾಯದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದದ್ದು ಆರೋಗ್ಯ ಶಿಕ್ಷಣಕ್ಕೂ ಆರೋಗ್ಯ ವರ್ಧನೆಗೂ ಇರುವ ವ್ಯತ್ಯಾಸ. ಎರಡೂ ಒಂದೇ ಅಂದುಕೊಂಡರೆ ಮುಂದಿನದ್ದೆಲ್ಲ ಗೋಜಲಾಗುತ್ತದೆ.

ಕೈ ತೊಳೆಯುವುದನ್ನೇ ತೆಗೆದುಕೊಳ್ಳಿ. ಶಿಕ್ಷಕರು ಚೆನ್ನಾಗಿಯೇ ಹೇಳಿಕೊಟ್ಟರು, ಮಕ್ಕಳಿಗೆ ಬಾಯಿಪಾಠವೂ ಆಯಿತು. ಆದರೆ ನಲ್ಲಿಯಲ್ಲಿ ನೀರಿಲ್ಲ. ಸೋಪು ಬೀರುವಿನೊಳಗಿದೆ, ಬೀರುವಿಗೆ ಬೀಗ. ಊಟದ ಬಿಡುವು ಕೈ ತೊಳೆಯಲು ಸಾಲು ನಿಲ್ಲುವಷ್ಟೂ ಇಲ್ಲ. ಆಗ ಪಾಠ ಏನು ಮಾಡೀತು? ಹೇಳಿಕೊಡುವುದು ಶಿಕ್ಷಣ. ನೀರು, ಸೋಪು, ಸಮಯ, ಶಾಲೆಯ ನಿಯಮ, ಮನೆಯವರ ಬೆಂಬಲ, ಇವೆಲ್ಲ ಕೂಡಿಬರುವಂತೆ ಮಾಡುವುದು ವರ್ಧನೆ. ಶಿಕ್ಷಣ ಅದರ ಒಂದು ಭಾಗ ಅಷ್ಟೇ.

ಇದಕ್ಕೆ ಆಧಾರ 1986ರ ಒಟ್ಟಾವಾ ಸನ್ನದು. ಆರೋಗ್ಯ ವರ್ಧನೆಯ ಬಗ್ಗೆ ಕೆನಡಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬಂದದ್ದು. ಜನ ತಮ್ಮ ಆರೋಗ್ಯದ ಮೇಲೆ ಹೆಚ್ಚು ಹಿಡಿತ ಪಡೆದು ಅದನ್ನು ಸುಧಾರಿಸಿಕೊಳ್ಳುವಂತೆ ಮಾಡುವುದೇ ಆರೋಗ್ಯ ವರ್ಧನೆ ಎನ್ನುತ್ತದೆ ಅದು. ಐದು ಕೆಲಸಗಳನ್ನೂ ಹೇಳುತ್ತದೆ: ಆರೋಗ್ಯಕ್ಕೆ ಒದಗುವ ಸರ್ಕಾರಿ ನೀತಿ, ಪೂರಕ ಪರಿಸರ, ಸಮುದಾಯದ ಕೈಗೆ ಬಲ, ವ್ಯಕ್ತಿಯ ಕೌಶಲ, ಮತ್ತು ಚಿಕಿತ್ಸೆಯನ್ನಷ್ಟೇ ನೋಡದ ಆರೋಗ್ಯ ಸೇವೆ. ಗಮನಿಸಿ, ವ್ಯಕ್ತಿ ಕಲಿಯಬೇಕಾದದ್ದು ಐದರಲ್ಲಿ ಒಂದೇ. ಉಳಿದ ನಾಲ್ಕೂ ಅವನ ಸುತ್ತಮುತ್ತ ಬದಲಾಗಬೇಕಾದವು. ಹಾಗಾಗಿ ಕಾಯಿಲೆ ಬಿದ್ದವರನ್ನು ಸುಮ್ನೆ ದೂರುವುದು ಅನ್ಯಾಯ ಎಂದೇ ನನ್ನ ನಂಬಿಕೆ.

ಇದೇ ಯೋಚನೆ ಶಾಲೆಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 1995ರಲ್ಲಿ ಜಾಗತಿಕ ಶಾಲಾ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. 2021ರಲ್ಲಿ ಯುನೆಸ್ಕೊ ಜೊತೆ ಸೇರಿ ಆರೋಗ್ಯ ವರ್ಧಿಸುವ ಶಾಲೆ ಹೇಗಿರಬೇಕು ಎಂಬುದಕ್ಕೆ ಎಂಟು ಮಾನದಂಡಗಳನ್ನು ಪ್ರಕಟಿಸಿತು. ನೀತಿ, ಆಡಳಿತ, ಪಠ್ಯಕ್ರಮ, ಕಟ್ಟಡ, ಆರೋಗ್ಯ ಸೇವೆ, ಸಮುದಾಯದ ಜೊತೆ ಪಾಲುದಾರಿಕೆ ಎಲ್ಲ ಅದರಲ್ಲಿವೆ. ಶಾಲೆಯ ಸಾಮಾಜಿಕ ಮತ್ತು ಭಾವನಾತ್ಮಕ ವಾತಾವರಣವೂ ಒಂದು ಮಾನದಂಡ. ಓದುವಾಗ ಇದನ್ನು ದಾಟಿ ಹೋಗಬೇಡಿ. ಸಹಪಾಠಿಗಳ ಕಾಟಕ್ಕೆ ಹೆದರಿ ಶೌಚಾಲಯಕ್ಕೇ ಹೋಗದ ಮಗು ನೀರು ಕುಡಿಯುವುದನ್ನೂ ಕಡಿಮೆ ಮಾಡಬಹುದು. ಅಲ್ಲಿ ಮನಸ್ಸಿನ ತೊಂದರೆ ಯಾವುದು, ದೇಹದ ತೊಂದರೆ ಯಾವುದು ಎಂದು ಗೆರೆ ಎಳೆಯಲು ಆಗುವುದಿಲ್ಲ, ಅಲ್ವಾ?

ಶಾಲೆಯಲ್ಲಿ ಮಾಡಿದ್ದು ಹೊರಗಿನವರಿಗೂ ತಲುಪುತ್ತದಾ? ಕೀನ್ಯಾದ ಬುಸಿಯಾದಲ್ಲಿ 1998ರಿಂದ 75 ಶಾಲೆಗಳಲ್ಲಿ ಹಂತಹಂತವಾಗಿ ಜಂತುಹುಳುವಿನ ಮಾತ್ರೆ ಕೊಟ್ಟರು. ಮಾತ್ರೆ ತೆಗೆದುಕೊಳ್ಳದ ಸಹಪಾಠಿಗಳಲ್ಲೂ ಸೋಂಕು ಕಡಿಮೆಯಾಯಿತು. ಕಾರಣ ಸರಳ. ಹುಳುವಿನ ಮೊಟ್ಟೆ ಮಲದ ಮೂಲಕ ಮಣ್ಣು ಸೇರುತ್ತದೆ. ಹುಳು ಇರುವವರು ಕಡಿಮೆಯಾದರೆ ಮಣ್ಣಿಗೆ ಬೀಳುವ ಮೊಟ್ಟೆಯೂ ಕಡಿಮೆ. ಮಕ್ಕಳ ಹಾಜರಿಯೂ ಸುಧಾರಿಸಿತು. ಪರೀಕ್ಷೆಯ ಅಂಕ ಮಾತ್ರ ಏರಲಿಲ್ಲ, ಉತ್ತರದಲ್ಲಿ ಇದನ್ನೂ ಬರೆಯಿರಿ. ಮಾತ್ರೆಯ ಜೊತೆ ಶೌಚಾಲಯ, ಶುದ್ಧ ನೀರು, ಕಾಲಿಗೆ ಚಪ್ಪಲಿ ಇಲ್ಲದಿದ್ದರೆ ಸೋಂಕು ಮತ್ತೆ ಬರುತ್ತದೆ.

ಇಡೀ ಸಮುದಾಯದ ಉದಾಹರಣೆ ಬೇಕೆಂದರೆ ಫಿನ್‌ಲೆಂಡಿನ ಉತ್ತರ ಕರೇಲಿಯಾ. ಅಲ್ಲಿ ನಡುವಯಸ್ಸಿನ ಗಂಡಸರು ಹೃದಯದ ಕಾಯಿಲೆಯಿಂದ ಸಾಯುವುದು ತೀರಾ ಜಾಸ್ತಿಯಿತ್ತು. 1971ರಲ್ಲಿ ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ವೈದ್ಯ ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಕೆಲಸ ಶುರುವಾಯಿತು. ಬರೀ ಭಾಷಣ ಮಾಡಲಿಲ್ಲ. ಮಹಿಳಾ ಸಂಘಗಳ ಜೊತೆ ಅಡುಗೆಯ ರೀತಿ ಬದಲಿಸಲು ಕೂತರು, ಆಹಾರ ತಯಾರಕರನ್ನು ಕೊಬ್ಬು ಮತ್ತು ಉಪ್ಪು ತಗ್ಗಿಸಲು ಒಪ್ಪಿಸಿದರು. ಮುಂದಿನ ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಆ ಸಾವು ಶೇ. 80ಕ್ಕಿಂತ ಹೆಚ್ಚು ಇಳಿಯಿತು. ದೇಶದ ಉಳಿದ ಭಾಗದಲ್ಲೂ ಇಳಿಕೆ ಆಯಿತು. ಹಾಗಾಗಿ ಪೂರ್ತಿ ಶ್ರೇಯ ಈ ಯೋಜನೆಯೊಂದಕ್ಕೇ ಕೊಡಲು ಬರುವುದಿಲ್ಲ.

ಕೊನೆಗೆ ಮೌಲ್ಯಮಾಪನ. ಎಷ್ಟು ಪೋಸ್ಟರ್ ಅಂಟಿಸಿದೆವು, ಎಷ್ಟು ಶಿಬಿರ ಮಾಡಿದೆವು ಎಂಬ ಲೆಕ್ಕ ಕೆಲಸ ನಡೆಯಿತೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಫಲ ಗೊತ್ತಾಗಬೇಕೆಂದರೆ ಊಟಕ್ಕೆ ಮುಂಚೆ ನಿಜಕ್ಕೂ ಎಷ್ಟು ಮಕ್ಕಳು ಕೈ ತೊಳೆದರು, ಭೇದಿಯಿಂದ ಎಷ್ಟು ಮಕ್ಕಳು ಶಾಲೆ ತಪ್ಪಿಸಿಕೊಂಡರು ಎಂದು ಎಣಿಸಬೇಕು. ಕಾರ್ಯಕ್ರಮ ಶುರುವಾಗುವ ಮುಂಚೆಯೂ ಇದೇ ಎಣಿಕೆ ಮಾಡಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.