ಎರಡು ಕಡ್ಡಿ ನೆಟ್‌ವರ್ಕ್

2020ರ ಜುಲೈ, ಕೊರೊನಾ ಅಂತ ಶಾಲೆ ಮುಚ್ಚಿ ಮೊಬೈಲಿನಲ್ಲೇ ಕ್ಲಾಸು ನಡೆಯುತ್ತಿದ್ದ ಕಾಲ. ಸೋಮವಾರಪೇಟೆ ಕಡೆ ನಮ್ಮಕ್ಕನ ತೋಟದ ಮನೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಒಂಬತ್ತನೇ ಕ್ಲಾಸಿನ ಅವಳ ಮಗ ಜೀಪಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು, ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಗುಡ್ಡ ಏರುತ್ತಿದ್ದ. ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಕ್ಲಾಸ್ ಒಂದೇ ಗಂಟೆ. ಇವನು ಇಳಿಯುತ್ತಿದ್ದದ್ದು ಕತ್ತಲಾದ ಮೇಲೆ.

"ಚಟ ಕಣೋ ಇವನಿಗೆ. ಡೋಪಮೈನ್ ಅಂತೆ, ಸುಖದ ಕೆಮಿಕಲ್ ಅಂತೆ," ಅಂದಳು ಅಕ್ಕ. ವಾಟ್ಸಾಪಿನಲ್ಲಿ ಬಂದಿತ್ತಂತೆ.

ಈ 'ಸುಖದ ಕೆಮಿಕಲ್' ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೆದುಳು ವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ದೀಪ ತೋರಿಸಿ ಹಣ್ಣಿನ ರಸ ಕೊಟ್ಟರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಮೆದುಳಿನಲ್ಲಿ ಡೋಪಮೈನ್ ಸುರಿಸುವ ಕೋಶಗಳು ಚುರುಕಾದವು. ಅಭ್ಯಾಸವಾದ ಮೇಲೆ ದೀಪ ಹತ್ತಿದಾಗಲೇ! ದೀಪ ಹತ್ತಿ ರಸ ಬಾರದಿದ್ದರೆ ಆ ಹೊತ್ತಿಗೆ ಕೋಶಗಳು ಮಂಕಾದವು. ಅಂದರೆ ಇದು ಸುಖಕ್ಕಿಂತ ನಿರೀಕ್ಷೆಯ ಲೆಕ್ಕ. ಮಾರ್ಚ್‌ನಲ್ಲಿ ಗಿಡದಲ್ಲಿ ಹೂ ಅರಳಿಸುವ 'ಹೂ ಮಳೆ'ಗೆ ಕಾಯುವ ಕಾಫಿ ಬೆಳೆಗಾರನನ್ನು ನೋಡಿ. ಮೋಡ ಕಂಡಾಗಲೇ ಅವನ ಮುಖ ಅರಳುತ್ತದೆ, ಮಳೆ ತಪ್ಪಿದರೆ ಬಾಡುತ್ತದೆ. ದಿನಾ ನಾಲ್ಕು ಗಂಟೆಗೆ ತಪ್ಪದೆ ಮಳೆ ಬಂದರೆ ಯಾರು ಆಕಾಶ ನೋಡುತ್ತಾರೆ? ಬಂದರೆ ಬಂತು ಅನ್ನುವುದೇ ಕತ್ತು ಎತ್ತಿಸುವುದು. ಗಾಳ ಹಾಕಿ ಹೊಳೆ ದಡದಲ್ಲಿ ಕೂತವನೂ ಹಾಗೇ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪ್ರಯೋಗಕ್ಕೆ ಬಳಸಿದ ಪಾರಿವಾಳಗಳೂ ಅಷ್ಟೇ: ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅಂತ ಗೊತ್ತಾಗದಿದ್ದಾಗ ಬಿಡದೆ ಕುಕ್ಕಿದವು. ಮೊಬೈಲಿನ 'ಟಿಂಗ್' ಕೂಡ ಒಂದು ಮೋಡ. ಒಳಗೆ ಗೆಳೆಯನ ಮೆಸೇಜ್ ಇರಬಹುದು, ಸುಮ್ನೆ ಜಾಹೀರಾತೂ ಇರಬಹುದು.

ಅಂದಹಾಗೆ, 'ಇಂಟರ್ನೆಟ್ ಚಟ' ಅನ್ನುವ ಕಾಯಿಲೆಯನ್ನು 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಎಂಬ ಮನೋವೈದ್ಯರು ಬರೆದದ್ದು ತಮಾಷೆಗೆ. ಜನ ನಿಜವೆಂದೇ ನಂಬಿಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಗೇಮಿಂಗ್ ಚಟವನ್ನು. ಹಾಗಂತ ತೊಂದರೆಯೇ ಸುಳ್ಳು ಅಂತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೊಂದು ಕ್ಲಿನಿಕ್ ಇದೆ.

ಆದರೆ ಗುಡ್ಡದ ಮೇಲಿದ್ದ ಹುಡುಗನಿಗೆ ಆಗಿದ್ದೇನು? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 40 ಜನರನ್ನು ಒಂದು ದಿನ 10 ಗಂಟೆ ಒಬ್ಬೊಬ್ಬರನ್ನೇ ಕೂರಿಸಿದರು, ಮೊಬೈಲೂ ಇಲ್ಲ. ಇನ್ನೊಂದು ದಿನ 10 ಗಂಟೆ ಉಪವಾಸ. ಆಮೇಲೆ ಮೆದುಳನ್ನು ಸ್ಕ್ಯಾನ್ ಮಾಡಿದರು. ಹಸಿದವರಿಗೆ ಊಟದ ಚಿತ್ರ ಕಂಡಾಗ ಮಧ್ಯಮೆದುಳಿನ ಯಾವ ಜಾಗ ಎಚ್ಚೆತ್ತಿತೋ, ಒಂಟಿಯಾಗಿದ್ದವರಿಗೆ ಜನ ಕೂಡಿ ನಗುವ ಚಿತ್ರ ಕಂಡಾಗಲೂ ಅದೇ ಜಾಗ. 2020ರಲ್ಲಿ ಇದು ಪ್ರಕಟವಾಯಿತು. ಅಂದರೆ ಒಂಟಿತನ ಒಂದು ಹಸಿವು. ಅದೂ ಬರೀ 10 ಗಂಟೆಗೆ!

ನಮ್ಮ ಹುಡುಗರದ್ದು ತಿಂಗಳುಗಟ್ಟಲೆ. ಬಯಲುಸೀಮೆ ಊರಾದರೆ ಜಗಲಿಯಿಂದ ಜಗಲಿಗಾದರೂ ಕೂಗಬಹುದು. ಕೊಡಗಿನಲ್ಲಿ ತೋಟಕ್ಕೊಂದು ಮನೆ. ಅಕ್ಕನ ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್, ಮಧ್ಯೆ ಒಂದು ತೋಡು. ಶಾಲೆಯ ಬಸ್ಸೇ ಇವರ ಜಗಲಿ. ಅದೇ ನಿಂತುಹೋಗಿತ್ತು. ಹಸಿದವನು ಕೈಗೆ ಸಿಕ್ಕ ಕುರುಕಲು ತಿನ್ನುತ್ತಾನೆ, ಅಲ್ವಾ? ಹೊಟ್ಟೆ ತುಂಬುವುದಿಲ್ಲ, ಕೈ ಡಬ್ಬದಿಂದ ಹೊರಬರುವುದೂ ಇಲ್ಲ.

ಒಂದು ಸಂಜೆ ಅವನನ್ನು ಕರೆಯಲು ನಾನೇ ಗುಡ್ಡ ಹತ್ತಿದೆ. ಅವನ ಮೊಬೈಲ್ ಚಾರ್ಜ್ ಮುಗಿದು ಸತ್ತುಹೋಗಿ ಜೇಬಿನಲ್ಲಿತ್ತು. ಆಚೆ ಇಳಿಜಾರಿನ ಮನೆಯ ಹುಡುಗನೂ ನೆಟ್‌ವರ್ಕ್‌ಗೆ ಅಂತ ಅಲ್ಲಿಗೇ ಬಂದಿದ್ದ. ಒಂದೇ ಕೊಡೆಯ ಕೆಳಗೆ ಇಬ್ಬರೂ ಕೂತು ಕಾಲಿನ ಜಿಗಣೆ ಎಣಿಸುತ್ತಿದ್ದರು.

"ಮಾಮ, ಇನ್ನೊಂದೈದು ನಿಮಿಷ," ಅಂದ.